ಸಿಡಿಲು ಆಕಾಶದ್ದು, ಕೆಲಸದ ಹೊತ್ತು ಯಾರದು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳಿಂದ ಪ್ರತಿ ಬೇಸಿಗೆಯಲ್ಲಿಯೂ ಬರುವ ಒಂದು ಬಗೆಯ ಸುದ್ದಿ ಪತ್ರಿಕೆಯ ಓದುಗರಿಗೆ ಅಪರಿಚಿತವಲ್ಲ. ಕುರಿ ಕಾಯುತ್ತಿದ್ದವನಿಗೆ ಸಿಡಿಲು ಬಡಿಯಿತು. ಹೊಲದಲ್ಲಿದ್ದ ಹೆಂಗಸರು ಮಳೆಗೆ ಮರದಡಿ ನಿಂತಿದ್ದಾಗ ಗಾಯಗೊಂಡರು. ಕೆರೆಯ ಹೂಳೆತ್ತುತ್ತಿದ್ದ ಕೂಲಿಕಾರ ಬಿಸಿಲಿನಲ್ಲಿ ಕುಸಿದುಬಿದ್ದ. ನಾಲ್ಕು ಸಾಲಿನಲ್ಲಿ ಮುಗಿಯುವ ಈ ಸುದ್ದಿಗಳ ಕೊನೆಯಲ್ಲಿ ಅಧಿಕಾರಿಗಳು ಸ್ಥಳಕ್ಕೆ ಭೇಟಿಯಿತ್ತರೆಂಬ ವಾಕ್ಯವಿರುತ್ತದೆ. ಓದಿದವರು ‘ದೇವರ ಇಚ್ಛೆ’ ಎಂದು ನಿಟ್ಟುಸಿರಿಟ್ಟು ಪುಟ ತಿರುವುತ್ತಾರೆ. ಕಾನೂನಿನ ಭಾಷೆಯಲ್ಲಿಯೂ ಇಂತಹ ಘಟನೆಗಳಿಗೆ ‘ದೈವಕೃತ್ಯ’ ಎಂಬ ಹೆಸರಿದೆ. ದೇವರ ಹೆಸರನ್ನು ಇಷ್ಟು ಸುಲಭವಾಗಿ ಇಲ್ಲಿಗೆ ಎಳೆದು ತರುವುದು ನ್ಯಾಯವೇ ಎಂಬುದು ಈ ವಾರ ನಾವು ವಿವೇಚಿಸಬೇಕಾದ ಪ್ರಶ್ನೆ.

ಮೊದಲು ನೆಲದ ಸ್ವರೂಪವನ್ನು ಗಮನಿಸೋಣ. ಈ ಎರಡು ತಾಲ್ಲೂಕುಗಳು ರಾಜ್ಯದ ಅತ್ಯಂತ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನ ಮಳೆ. ಶೇಂಗಾ ಬೆಳೆ ಮತ್ತು ಎಣ್ಣೆ ಗಿರಣಿಗಳಿಂದ ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂತು; ಮೊಳಕಾಲ್ಮೂರಿಗೆ ರೇಷ್ಮೆ ಸೀರೆಯಿಂದ ಕೀರ್ತಿ ಬಂತು. ಆದರೆ ಮಗ್ಗದ ಮುಂದೆ ನೆರಳಿನಲ್ಲಿ ಕುಳಿತು ದುಡಿಯುವವರಿಗಿಂತ ಬಯಲಿನಲ್ಲಿ ನಿಂತು ದುಡಿಯುವವರ ಸಂಖ್ಯೆಯೇ ಇಲ್ಲಿ ದೊಡ್ಡದು. ಶೇಂಗಾ ಕೀಳುವವರು, ಕುರಿಗಾಹಿಗಳು, ಕಲ್ಲು ಒಡೆಯುವವರು, ರಸ್ತೆ ಮತ್ತು ಕಾಲುವೆಯ ಕೆಲಸದವರು, ಕಟ್ಟಡ ಕಾರ್ಮಿಕರು, ಗಾಳಿಯಂತ್ರ ಮತ್ತು ಸೌರವಿದ್ಯುತ್ ಸ್ಥಾವರಗಳ ಕೂಲಿಗಳು ಇವರೆಲ್ಲರ ಕಾರ್ಖಾನೆಗೆ ಆಕಾಶವೇ ಛಾವಣಿ. ಕುದಾಪುರದ ಸುತ್ತಲಿನ ಅಮೃತಮಹಲ್ ಕಾವಲಿನಲ್ಲಿ ದೇಶದ ಹೆಸರಾಂತ ವಿಜ್ಞಾನ ಸಂಸ್ಥೆಗಳಿಗೆ ಭೂಮಿ ನೀಡಲಾಗಿದೆ. ಅಲ್ಲಿಯ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಆ ಗೋಡೆಗಳನ್ನು ಕಟ್ಟಿದ ಕೈಗಳೂ ಇದೇ ಬಿಸಿಲಿನಲ್ಲಿ ದುಡಿದ ಕೈಗಳು.

ಈ ಬಯಲಿನ ದುಡಿಮೆಗೆ ವರ್ಷದಲ್ಲಿ ಎರಡು ಅಪಾಯದ ಕಾಲಗಳಿವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲಿನ ಝಳ. ಅದರೊಡನೆಯೇ ಏಪ್ರಿಲ್ ಮತ್ತು ಮೇ ತಿಂಗಳುಗಳ ಮಧ್ಯಾಹ್ನ ಹಾಗೂ ಸಂಜೆಗಳಲ್ಲಿ ಗುಡುಗು, ಬಿರುಗಾಳಿ, ಸಿಡಿಲುಗಳಿಂದ ಕೂಡಿದ ಮುಂಗಾರುಪೂರ್ವ ಮಳೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗು ಮರಳಿ ಬರುತ್ತದೆ. ಶೇಂಗಾ ಕೀಳುವ ಕಾಲವೂ ಅದಕ್ಕೆ ತಾಗಿಕೊಂಡಿದೆ. ಕೆಲಸ ಅತಿ ಹೆಚ್ಚು ಇರುವ ದಿನಗಳೂ ಆಕಾಶ ಅತಿ ಹೆಚ್ಚು ಅಪಾಯಕಾರಿಯಾದ ದಿನಗಳೂ ಹೀಗೆ ಒಂದರ ಮೇಲೊಂದು ಬೀಳುತ್ತವೆ.

ಬಿಸಿಲು ಮನುಷ್ಯನನ್ನು ಹೇಗೆ ಘಾಸಿಗೊಳಿಸುತ್ತದೆ? ದುಡಿಯುವ ದೇಹದೊಳಗೆ ಸ್ನಾಯುಗಳೇ ಉಷ್ಣವನ್ನು ಉತ್ಪಾದಿಸುತ್ತವೆ. ಬೆವರು ಆರುವುದರ ಮೂಲಕ ಆ ಉಷ್ಣ ಹೊರಹೋಗಬೇಕು. ನೀರು ಸಾಲದಾದಾಗ, ಗಾಳಿ ಬಿಸಿಯಾದಾಗ, ವಿಶ್ರಾಂತಿ ಇಲ್ಲದಾದಾಗ ಉಷ್ಣ ಒಳಗೇ ಉಳಿಯುತ್ತದೆ. 37 ಡಿಗ್ರಿಯಲ್ಲಿ ನಿಲ್ಲಬೇಕಾದ ದೇಹದ ಒಳತಾಪ 40 ಡಿಗ್ರಿಯನ್ನು ದಾಟಿದರೆ ಬುದ್ಧಿ ಭ್ರಮಿಸುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ತಪ್ಪುತ್ತದೆ, ಪ್ರಾಣವೂ ಹೋಗಬಹುದು. ಅಷ್ಟು ದೂರ ಹೋಗುವ ಮೊದಲೇ ಕೈ ಬೆವರಿ ಹಿಡಿತ ಜಾರುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಏಣಿಯಿಂದ, ಕಟ್ಟಡದ ಅಟ್ಟಣಿಗೆಯಿಂದ ಮನುಷ್ಯ ಕೆಳಗೆ ಬೀಳುತ್ತಾನೆ. ಆಸ್ಪತ್ರೆಯ ದಾಖಲೆಯಲ್ಲಿ ಅದು ‘ಬಿದ್ದು ಮೂಳೆ ಮುರಿತ’ವಾಗುತ್ತದೆ, ಬೀಳಿಸಿದ ಬಿಸಿಲಿನ ಹೆಸರು ಅಲ್ಲಿ ಕಾಣುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ 240 ಕೋಟಿಗೂ ಮಿಕ್ಕ ದುಡಿಯುವವರು ಅತಿತಾಪಕ್ಕೆ ಒಡ್ಡಿಕೊಂಡಿದ್ದಾರೆ. ಅದರಿಂದ ವರ್ಷಕ್ಕೆ 2 ಕೋಟಿ 28 ಲಕ್ಷಕ್ಕೂ ಹೆಚ್ಚು ಕೆಲಸದ ಗಾಯಗಳೂ ಸುಮಾರು 19 ಸಾವಿರ ಸಾವುಗಳೂ ಸಂಭವಿಸುತ್ತಿವೆ.

ಸಿಡಿಲಿನ ಕ್ರಮವೂ ನಾವು ಊಹಿಸಿದಂತಲ್ಲ. ನೇರವಾಗಿ ತಲೆಗೆ ಬಡಿದು ಆಗುವ ಹಾನಿ ಒಟ್ಟು ಹಾನಿಯ ಅಲ್ಪಭಾಗ ಮಾತ್ರ. ಎಲ್ಲೋ ಹತ್ತಿರ ಬಡಿದ ಸಿಡಿಲಿನ ವಿದ್ಯುತ್ತು ನೆಲದಲ್ಲಿ ಹರಡಿ ಕಾಲುಗಳ ಮೂಲಕ ಏರುವುದು, ಎತ್ತರದ ಮರಕ್ಕೆ ಬಡಿದದ್ದು ಪಕ್ಕದಲ್ಲಿ ನಿಂತವನ ಮೈಗೆ ಜಿಗಿಯುವುದು ಇವೇ ಹೆಚ್ಚಿನ ಗಾಯ ಮತ್ತು ಸಾವುಗಳಿಗೆ ಕಾರಣ. ಮುಂಗಾಲಿಗೂ ಹಿಂಗಾಲಿಗೂ ಅಂತರವಿರುವ ಕುರಿಗಳು ಒಂದೇ ಏಟಿಗೆ ಹಿಂಡುಹಿಂಡಾಗಿ ಸಾಯುವುದು ಈ ಕಾರಣದಿಂದಲೇ. ಬದುಕಿ ಉಳಿದವರ ಪಾಡೂ ಹಗುರವಲ್ಲ: ಕಿವಿ ಮಂದವಾಗುವುದು, ನೆನಪು ಕುಂದುವುದು, ನರಗಳ ನೋವು ವರ್ಷಗಟ್ಟಲೆ ಕಾಡುವುದು ಉಂಟು. ಹೊರಗೆ ಗಾಯ ಕಾಣದ ಈ ಮನುಷ್ಯನನ್ನು ಊರು ‘ಸೋಮಾರಿಯಾದ’ ಎಂದು ಬಿಡುವುದೂ ಉಂಟು.

ಈಗ ಮೂಲ ಪ್ರಶ್ನೆಗೆ ಬರೋಣ. ಇವಕ್ಕೆಲ್ಲ ಕಾರಣ ಯಾರು? ತತ್ತ್ವಶಾಸ್ತ್ರದಲ್ಲಿ ಸಂತ ತೋಮಾಸ್ ಅಕ್ವೀನಾಸರು ಪ್ರಥಮ ಕಾರಣವನ್ನೂ ದ್ವಿತೀಯ ಕಾರಣಗಳನ್ನೂ ಬೇರ್ಪಡಿಸಿ ವಿಚಾರಿಸಿದರು. ದೇವರು ಸಕಲದ ಪ್ರಥಮ ಕಾರಣನೆಂದು ಒಪ್ಪಿದರೂ ಸೃಷ್ಟಿಯಲ್ಲಿರುವ ಕಾರಣಗಳು ಸುಳ್ಳಾಗುವುದಿಲ್ಲ. ಬೆಂಕಿಯೇ ಸುಡುತ್ತದೆ, ಮನುಷ್ಯನೇ ನಿರ್ಧರಿಸುತ್ತಾನೆ. ನಡುವಿನ ಕಾರಣಗಳನ್ನೆಲ್ಲ ಹಾರಿ ನೇರವಾಗಿ ದೇವರತ್ತ ಬೆರಳು ತೋರುವುದು ಭಕ್ತಿಯಂತೆ ಕಂಡರೂ ವಾಸ್ತವದಲ್ಲಿ ವಿಚಾರದ ಆಲಸ್ಯ. ಸಿಡಿಲು ಎಲ್ಲಿ ಬೀಳುವುದೆಂಬುದು ಮನುಷ್ಯನ ವಶದಲ್ಲಿಲ್ಲ. ಆದರೆ ಗುಡುಗಿನ ಹೊತ್ತಿನಲ್ಲಿ ಒಬ್ಬ ಕೂಲಿಕಾರ ಬಟ್ಟಬಯಲಿನಲ್ಲಿ ಏಕೆ ಇದ್ದ, ಬಿಟ್ಟು ಹೋಗಲು ಅವನಿಗೆ ಏಕೆ ಸಾಧ್ಯವಾಗಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಆಕಾಶದಲ್ಲಿಲ್ಲ. ಅದು ಕೂಲಿಯ ಲೆಕ್ಕದಲ್ಲಿದೆ, ಗುತ್ತಿಗೆಯ ಗಡುವಿನಲ್ಲಿದೆ, ಮೇಸ್ತ್ರಿಯ ಅಪ್ಪಣೆಯಲ್ಲಿದೆ.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಶತಮಾನದ ಹಿಂದೆಯೇ ಎದುರಿಸಿದವು. ಬ್ರಿಟನ್ನಿನ ಕಾರ್ಮಿಕ ಪರಿಹಾರ ಕಾಯಿದೆಯ ಪ್ರಕಾರ ಅಪಘಾತವು ಉದ್ಯೋಗದಿಂದ ಉದ್ಭವಿಸಿದ್ದಾಗಿರಬೇಕು, ಉದ್ಯೋಗದ ಅವಧಿಯಲ್ಲಿ ನಡೆದದ್ದೂ ಆಗಿರಬೇಕು. 1904ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ, ಸುಮಾರು 23 ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಇಟ್ಟಿಗೆ ಕೆಲಸ ಮಾಡುತ್ತಿದ್ದಾಗ ಸಿಡಿಲಿಗೆ ಬಲಿಯಾದವನ ಪ್ರಕರಣ ಬಂತು. ಆ ಎತ್ತರವೇ ಅಪಾಯವನ್ನು ಹೆಚ್ಚಿಸಿತೆಂದು ನ್ಯಾಯಾಲಯ ಪರಿಹಾರವನ್ನು ಎತ್ತಿಹಿಡಿಯಿತು. ನಾಲ್ಕು ವರ್ಷಗಳ ಬಳಿಕ ಐರ್ಲೆಂಡಿನ ಕೆರಿ ಪ್ರಾಂತದಲ್ಲಿ ರಸ್ತೆಯ ಕೆಲಸದಲ್ಲಿದ್ದ ಕೂಲಿಯೊಬ್ಬ ಸಿಡಿಲಿಗೆ ಸತ್ತಾಗ, ಅವನ ಅಪಾಯ ಇತರ ಜನರ ಅಪಾಯಕ್ಕಿಂತ ಹೆಚ್ಚಿನದಾಗಿರಲಿಲ್ಲವೆಂದು ಪರಿಹಾರ ನಿರಾಕರಿಸಲಾಯಿತು. 1923ರ ನಮ್ಮ ಕಾಯಿದೆ ಇದೇ ಶಬ್ದಗಳನ್ನು ಎರವಲು ಪಡೆಯಿತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅವನ್ನೇ ಉಳಿಸಿಕೊಂಡಿದೆ.

ಎರಡನೆಯ ತೀರ್ಪಿನ ತರ್ಕವನ್ನು ಚಳ್ಳಕೆರೆಯ ಕಾವಲಿನಲ್ಲಿ ನಿಲ್ಲಿಸಿ ನೋಡಬೇಕು. ಮೋಡ ಕವಿದಾಗ ಅಂಗಡಿಯವನು ಒಳಗಿದ್ದಾನೆ, ಗುಮಾಸ್ತ ಕಚೇರಿಯಲ್ಲಿದ್ದಾನೆ, ಜಮೀನಿನ ಯಜಮಾನ ಜಗಲಿಗೆ ಬಂದಿದ್ದಾನೆ. ಗಾವುದ ದೂರ ಮರವಿಲ್ಲದ ಬಯಲಿನಲ್ಲಿ ನೆಟ್ಟಗೆ ನಿಂತ ಅತ್ಯಂತ ಎತ್ತರದ ವಸ್ತು ಕೂಲಿಕಾರನೇ. ‘ಎಲ್ಲರಿಗೂ ಇರುವ ಅಪಾಯ’ ಎಂಬ ಮಾತು ಇಲ್ಲಿ ಸತ್ಯವಲ್ಲ. ಆಕಾಶ ಎಲ್ಲರಿಗೂ ಒಂದೇ. ಅದರ ಕೆಳಗೆ ನಿಲ್ಲಲೇಬೇಕಾದವರು ಮಾತ್ರ ಕೆಲವರು.

ಅಂಕಿ ಅಂಶಗಳಲ್ಲಿಯೂ ಇದೇ ಮರೆವು ನುಸುಳಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ ಪ್ರಕೃತಿಯ ಶಕ್ತಿಗಳಿಂದ 8,060 ಮಂದಿ ಸತ್ತರು. ಅವರಲ್ಲಿ 2,887 ಮಂದಿ ಸಿಡಿಲಿನಿಂದ, 730 ಮಂದಿ ಬಿಸಿಲಿನ ಆಘಾತದಿಂದ ಸತ್ತವರು. ಸತ್ತವರ ವಯಸ್ಸು, ರಾಜ್ಯ, ಹೆಣ್ಣೋ ಗಂಡೋ ಎಂಬುದು ಪಟ್ಟಿಯಲ್ಲಿದೆ. ಆ ಗಳಿಗೆಯಲ್ಲಿ ಅವರು ಯಾರ ಹೊಲದಲ್ಲಿ, ಯಾವ ಗುತ್ತಿಗೆಯಲ್ಲಿ ದುಡಿಯುತ್ತಿದ್ದರೆಂಬುದು ಇಲ್ಲ. ಸಾವು ‘ಪ್ರಕೃತಿ’ಯ ಖಾತೆಗೆ ಜಮೆಯಾದೊಡನೆ ‘ಕೆಲಸ’ದ ಖಾತೆಯಿಂದ ಅಳಿಸಿಹೋಗುತ್ತದೆ. ಗಾಯಗೊಂಡವರ ಲೆಕ್ಕವಂತೂ ಆ ಪಟ್ಟಿಯ ಹೊರಗೇ ಉಳಿಯುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿನ ಅಶೋಕನ ಶಾಸನದಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಾದರೂ ಉಳಿದಿದೆ. ಅದೇ ಬಂಡೆಗಳ ನಾಡಿನಲ್ಲಿ ಇಂದು ದುಡಿಯುತ್ತ ಬಿದ್ದವನು ಕೆಲಸಗಾರನಾಗಿ ಯಾವ ದಾಖಲೆಯಲ್ಲಿಯೂ ಉಳಿಯುವುದಿಲ್ಲ.

ಪರಿಹಾರದ ವ್ಯವಸ್ಥೆ ಇಲ್ಲವೆಂದಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿಪತ್ತುಗಳ ಪಟ್ಟಿಯಲ್ಲಿ ಸಿಡಿಲಾಗಲಿ ಬಿಸಿಗಾಳಿಯಾಗಲಿ ಇರಲಿಲ್ಲ. ಆದರೆ ರಾಜ್ಯಗಳು ತಮ್ಮ ವಿಪತ್ತು ನಿಧಿಯ ಶೇಕಡ 10ನ್ನು ಮೀರದಂತೆ ಸ್ಥಳೀಯ ವಿಪತ್ತುಗಳಿಗೆ ವಿನಿಯೋಗಿಸಬಹುದಾಗಿತ್ತು. ಕರ್ನಾಟಕವು ಸಿಡಿಲಿಗೆ ಬಲಿಯಾದವರ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೀಡುತ್ತ ಬಂದಿದೆ. ತಮಿಳುನಾಡು 2024ರಲ್ಲಿ, ತೆಲಂಗಾಣ 2025ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿದವು. ಇವು ಸ್ವಾಗತಾರ್ಹ. ಆದರೆ ಗಾಯಗೊಂಡವನ ಪಾಲೆಷ್ಟು? 2022ರಲ್ಲಿ ಕೇಂದ್ರ ನಿಗದಿಪಡಿಸಿದ ಮಾನದಂಡದಲ್ಲಿ ವಾರಕ್ಕಿಂತ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದವನಿಗೆ 16,000 ರೂಪಾಯಿ. ವಾರಕ್ಕಿಂತ ಕಡಿಮೆಯಾದರೆ 5,400 ರೂಪಾಯಿ. ಅಲ್ಲದೆ ವಿಪತ್ತು ಪರಿಹಾರವೆಂಬುದು ಸರ್ಕಾರದ ಅನುಕಂಪ. ಕೆಲಸ ಮಾಡಿಸಿಕೊಂಡವನ ಹೊಣೆಯನ್ನು ಅದು ಕೇಳುವುದೇ ಇಲ್ಲ. ಹೊಣೆಯನ್ನು ಕೇಳದ ಪರಿಹಾರದಿಂದ ಮುಂದಿನ ಅಪಘಾತ ತಪ್ಪುವುದಿಲ್ಲ.

ಅಪಘಾತವನ್ನು ತಪ್ಪಿಸುವ ಬಗೆ ನಮ್ಮ ರಾಜ್ಯಕ್ಕೆ ತಿಳಿಯದ್ದೇನೂ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ ಒಂದೂವರೆಯವರೆಗೆ ಬದಲಾಯಿಸುವ ಪದ್ಧತಿ ಬಂದಿದೆ. ಬಳ್ಳಾರಿ ಜಿಲ್ಲೆ ಆ ವಿಭಾಗಕ್ಕೆ ಸೇರಿದೆ. ಬಳ್ಳಾರಿ ರಸ್ತೆಯಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಬೆಂಗಳೂರು ವಿಭಾಗಕ್ಕೆ ಸೇರಿದ ಚಿತ್ರದುರ್ಗದಲ್ಲಿದೆ. ಜಿಲ್ಲೆಯ ಗಡಿಕಲ್ಲನ್ನು ಬಿಸಿಲು ಓದುವುದಿಲ್ಲವಷ್ಟೆ! ಗಡಿಯ ವಿಚಾರ ಹಾಗಿರಲಿ. ಪಂಖದ ಕೆಳಗೆ ಕುಳಿತವರಿಗೆ ಒಂದೂವರೆಗೆ ಬಿಡುವು ದೊರೆಯುವುದಾದರೆ, ಅದೇ ಊರಿನ ಕೆರೆಯಂಗಳದಲ್ಲಿ ಮಣ್ಣು ಅಗೆಯುವವರಿಗೆ ಆ ವಿವೇಕ ಏಕೆ ಅನ್ವಯಿಸಬಾರದು?

ನೆರೆಯ ಕೇರಳದಲ್ಲಿ ಕಾರ್ಮಿಕ ಇಲಾಖೆಯು ಪ್ರತಿ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕಡ್ಡಾಯಗೊಳಿಸಿ ಆದೇಶ ಹೊರಡಿಸುತ್ತದೆ. ನಮ್ಮವರು ಅನೇಕರು ದುಡಿಯಲು ಹೋಗುವ ಕೊಲ್ಲಿ ರಾಷ್ಟ್ರಗಳಲ್ಲಿಯೂ ಬೇಸಿಗೆಯ ನಡುಹಗಲಿನ ಹೊರಗೆಲಸಕ್ಕೆ ನಿಷೇಧವಿದೆ. ಕತಾರ್ 2021ರಲ್ಲಿ ಆ ಅವಧಿಯನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗಿನ 10ರಿಂದ ಮಧ್ಯಾಹ್ನ ಮೂರೂವರೆಯವರೆಗೆ ವಿಸ್ತರಿಸಿತು. ಕಾರ್ಮಿಕರ ಹಕ್ಕುಗಳ ವಿಷಯದಲ್ಲಿ ಟೀಕೆಗೊಳಗಾದ ದೇಶಗಳೇ ಇಷ್ಟನ್ನು ಮಾಡಬಲ್ಲವಾದರೆ, ಪ್ರಜಾಸತ್ತೆಯಾದ ನಮಗೆ ಅದು ಅಸಾಧ್ಯವೆನ್ನುವಂತಿಲ್ಲ.

ಇದಕ್ಕೆ ಬರುವ ಆಕ್ಷೇಪವನ್ನೂ ನ್ಯಾಯವಾಗಿ ಪರಿಗಣಿಸಬೇಕು. ಮೂರು ಎಕರೆಯ ರೈತ ತಾನೇ ಸಾಲಗಾರ. ಕಿತ್ತ ಶೇಂಗಾ ಮಳೆಗೆ ನೆನೆದರೆ ಅವನ ವರ್ಷದ ದುಡಿಮೆ ಕೊಳೆಯುತ್ತದೆ. ಕೂಲಿಯವರೂ ಬೇಗ ಮುಗಿಸಿ ಹೋಗಬೇಕೆನ್ನುತ್ತಾರೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಅಂತಹ ಕಾಲದಲ್ಲಿ ಒಂದು ದಿನದ ಕೂಲಿಯನ್ನು ಯಾರು ಬಿಟ್ಟಾರು? ಮಾತು ನಿಜ. ಆದರೆ ಇದರಿಂದ ಸಿದ್ಧವಾಗುವುದೇನು? ಕೂಲಿಕಾರ ಅಪಾಯವನ್ನು ಒಪ್ಪಿದ್ದು ಸ್ವತಂತ್ರ ಆಯ್ಕೆಯಿಂದಲ್ಲ, ಹಸಿವಿನಿಂದ ಎಂಬುದೇ. ಅಗೆದ ಮಣ್ಣಿನ ಅಳತೆಗೆ ಕೂಲಿ ಕೊಡುವ ಪದ್ಧತಿಯಲ್ಲಿ, ನೆರಳಿಗೆ ಹೋದ ಪ್ರತಿ ಗಳಿಗೆಯೂ ಮಕ್ಕಳ ಅನ್ನದಿಂದ ಕಡಿತವಾಗುತ್ತದೆ. ಆದುದರಿಂದ ‘ನೀರು ಕುಡಿಯಿರಿ, ನೆರಳಿನಲ್ಲಿರಿ’ ಎಂಬ ಉಪದೇಶ ಮಾತ್ರ ಸಾಲದು. ನೆರಳಿನ ಹೊತ್ತಿಗೂ ಕೂಲಿ ಇರಬೇಕು.

ಸಾರ್ವಜನಿಕ ಕಾಮಗಾರಿಗಳಲ್ಲಿ ಇದು ಸಾಧ್ಯವೆಂಬುದಕ್ಕೆ ಆಧಾರಗಳಿವೆ. 2005ರ ಉದ್ಯೋಗ ಖಾತರಿ ಕಾಯಿದೆಯು ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಹಕ್ಕಾಗಿ ಸಾರಿತು. ಕೆಲಸದಲ್ಲಿ ಗಾಯಗೊಂಡವರಿಗೆ ಉಚಿತ ಚಿಕಿತ್ಸೆಯನ್ನೂ ಆಸ್ಪತ್ರೆಯಲ್ಲಿರುವಾಗ ಕನಿಷ್ಠ ಅರ್ಧ ಕೂಲಿಯ ಭತ್ಯೆಯನ್ನೂ ವಿಧಿಸಿತು. ನಮ್ಮ ರಾಜ್ಯದ ಕೆಲವು ವಿಭಾಗಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಅಳತೆಯಲ್ಲಿಯೇ ರಿಯಾಯಿತಿ ಕೊಟ್ಟು ಪೂರ್ಣ ಕೂಲಿ ನೀಡಿದ್ದುಂಟು. ಆ ಕಾಯಿದೆಯ ಸ್ಥಾನದಲ್ಲಿ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿದೆ. ವ್ಯವಸ್ಥೆ ಬದಲಾಗುವ ಈ ಸಂಧಿಕಾಲದಲ್ಲಿಯೇ ಇಂತಹ ರಕ್ಷಣೆಗಳು ಸದ್ದಿಲ್ಲದೆ ಕಳೆದುಹೋಗುವ ಭಯ. ಗ್ರಾಮಸಭೆಗಳಲ್ಲಿ ಇದನ್ನು ಎತ್ತಿ ಕೇಳುವುದು ಎಚ್ಚೆತ್ತ ನಾಗರಿಕರ ಕರ್ತವ್ಯ. ಹೊಸ ವೃತ್ತಿ ಸುರಕ್ಷತಾ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಿಗೆ ಅನ್ವಯಿಸುವುದರಿಂದ, ಆರು ಮಂದಿಯ ಶೇಂಗಾ ಗುಂಪನ್ನು ಕಾಯುವ ಕಾನೂನು ಯಾವುದೆಂಬ ಪ್ರಶ್ನೆಯನ್ನೂ ಅಲ್ಲಿಯೇ ಕೇಳಬೇಕು.

ಮಳೆಗಾಳಿಯ ಮೇಲೆ ಹೊಣೆ ಹೊರಿಸುವ ರೂಢಿ ನಗರದಲ್ಲಿಯೂ ಇದೆ. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಭಾರಿ ಮಳೆಯ ನಡುವೆ ನಿರ್ಮಾಣ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ಅದು ಅನಧಿಕೃತ ಕಟ್ಟಡವೆಂಬುದು ಬಳಿಕ ಬೆಳಕಿಗೆ ಬಂತು. ಶುಭಸಂದೇಶದಲ್ಲಿ ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಪ್ರಸಂಗವನ್ನು ಪ್ರಭು ಯೇಸು ಪ್ರಸ್ತಾಪಿಸುತ್ತಾರೆ. ಸತ್ತವರು ಇತರರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿರೆಂದು ಎಚ್ಚರಿಸಿ, ಬದುಕಿರುವವರು ತಮ್ಮ ನಡತೆಯನ್ನು ತಿದ್ದಿಕೊಳ್ಳಬೇಕೆಂದು ಅವರು ಹೇಳಿದರು. ಅಂದರೆ ವಿಪತ್ತು ಸತ್ತವರ ಮೇಲಿನ ತೀರ್ಪಲ್ಲ. ಉಳಿದವರಿಗೆ ಕೇಳಿದ ಪ್ರಶ್ನೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಕುರಿತು ಬರೆದ ವಿಶ್ವಪತ್ರದಲ್ಲಿ, ದುಡಿಮೆಯ ಅವಧಿಯನ್ನು ನಿಗದಿಪಡಿಸುವಾಗ ಋತುಮಾನವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಬೋಧಿಸಿದರು. ಒಂದು ಕಾಲದಲ್ಲಿ ಹಗುರವಾದ ಕೆಲಸ ಮತ್ತೊಂದು ಕಾಲದಲ್ಲಿ ಅಸಹನೀಯವಾಗಬಲ್ಲದೆಂದು ಅವರು ಕಂಡಿದ್ದರು.

ಹಾಗಾದರೆ ಮಾಡಬೇಕಾದುದೇನು? ಬಹುಪಾಲು ಕ್ರಮಗಳಿಗೆ ಹಣಕ್ಕಿಂತ ಮನಸ್ಸೇ ಹೆಚ್ಚು ಬೇಕು. ಬೇಸಿಗೆಯಲ್ಲಿ ಕೆಲಸವನ್ನು ನಸುಕಿನಲ್ಲಿ ಆರಂಭಿಸಿ ನಡುಹಗಲಿಗೆ ನಿಲ್ಲಿಸಬೇಕು. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ; ತಕ್ಷಣ ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಸೇರಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು. ಒಂಟಿ ಮರ ಆಶ್ರಯವಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶಗಳು ಮುನ್ಸೂಚನೆ ನೀಡುತ್ತವೆ. ಅದನ್ನು ನೋಡುವ ಹೊಣೆ ಮೇಸ್ತ್ರಿಯದಾಗಬೇಕು. ಸಿಡಿಲು ಬಡಿದವನನ್ನು ಮುಟ್ಟಬಾರದೆಂಬ ನಂಬಿಕೆ ತಪ್ಪು. ಅವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಎದೆಯನ್ನು ಒತ್ತುತ್ತ 108ಕ್ಕೆ ಕರೆ ಮಾಡಿದರೆ ಅನೇಕರು ಬದುಕಿಯಾರು. ಬಿಸಿಲಿಗೆ ಕುಸಿದವನನ್ನು ನೆರಳಿಗೊಯ್ದು ಮೈಗೆ ನೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು.

ಕೊನೆಯದಾಗಿ, ಈ ಅಂಕಣವನ್ನು ಓದುವವರಲ್ಲಿ ಅನೇಕರು ಕೂಲಿಕಾರರಲ್ಲ, ಕೂಲಿ ಮಾಡಿಸುವವರು. ಮನೆ ಕಟ್ಟಿಸುತ್ತೇವೆ, ತೋಟ ಅಗೆಸುತ್ತೇವೆ. ನಮ್ಮ ಸಂಸ್ಥೆಗಳು ಶಾಲೆ, ಆಸ್ಪತ್ರೆ, ದೇವಾಲಯಗಳನ್ನು ಕಟ್ಟಿಸುತ್ತವೆ. ಹಬ್ಬದೊಳಗೆ ಗೋಪುರ ಮುಗಿಯಬೇಕೆಂದು ಗುತ್ತಿಗೆದಾರನನ್ನು ಅವಸರಪಡಿಸುತ್ತವೆ. ಆ ಅವಸರ ಮೇಸ್ತ್ರಿಗೆ ಇಳಿದು, ಮೇಸ್ತ್ರಿಯಿಂದ ಅಟ್ಟಣಿಗೆಯ ಮೇಲಿರುವವನಿಗೆ ಮುಟ್ಟುತ್ತದೆ. ಕರಾರು ಬರೆಯುವಾಗ ಒಂದೇ ಒಂದು ವಾಕ್ಯವನ್ನು ಸೇರಿಸಲು ನಮಗೆ ಅಡ್ಡಿಯೇನು? ನಡುಹಗಲಿನ ಬಿಸಿಲಿಗೂ ಗುಡುಗಿನ ಹೊತ್ತಿಗೂ ಕೆಲಸ ನಿಲ್ಲತಕ್ಕದ್ದು, ಆ ಹೊತ್ತಿನ ಕೂಲಿ ಕಡಿತವಾಗತಕ್ಕದ್ದಲ್ಲ ಎಂದು. ಬರುವ ಏಪ್ರಿಲ್‌ಗೆ ಮೊದಲು ಆ ವಾಕ್ಯ ನಮ್ಮ ಕಾಗದಗಳಲ್ಲಿ ಕಾಣಿಸಿಕೊಳ್ಳಲಿ. ಆಮೇಲೆಯೂ ಸಿಡಿಲು ಬಡಿದರೆ, ಅದನ್ನು ದೈವಕೃತ್ಯವೆಂದು ಕರೆಯಲು ನಮಗೆ ಕೊಂಚ ಅಧಿಕಾರ ಬಂದೀತು.